ಮರುಬಾಳು ಕೇಂದ್ರದ ಒಂಟಿ ಗೆರೆ

ಮರುಬಾಳು ಕೇಂದ್ರ ಉದ್ಘಾಟನೆಯಾದ ದಿನ ಅಲ್ಲಿ ಎಲ್ಲವೂ ಇತ್ತು, ಮದ್ದು ಮಾತ್ರ ಇರಲಿಲ್ಲ. ಬಿಕರ್ನಕಟ್ಟೆಯ ಹೊಸ ಕಟ್ಟಡವೊಂದರ ಎರಡನೇ ಮಹಡಿಯನ್ನು ಬಾಡಿಗೆಗೆ ಹಿಡಿದಿದ್ದರು. ಗಾಜಿನ ಬಾಗಿಲು, ಎರಡು ಎ.ಸಿ., ಗೋಡೆ ತುಂಬ ಬರೆಸಿದ ಉದಯಿಸುವ ಸೂರ್ಯ, ಅವನ ಎದುರು ಎರಡೂ ಕೈ ಎತ್ತಿ ನಿಂತ ಮನುಷ್ಯ. ನೋವಿನ ಮಾತ್ರೆಯ, ಅಫೀಮಿನ ಚಟ ಹತ್ತಿ ಕೇಸಿನಲ್ಲಿ ಸಿಕ್ಕಿಬಿದ್ದು ಜಾಮೀನಿನ ಮೇಲೆ ಹೊರಗೆ ಬಂದವರನ್ನು ಮನುಷ್ಯರನ್ನಾಗಿ ಮಾಡಲು ಸರಕಾರ ಕೊಟ್ಟ ದುಡ್ಡಿನಲ್ಲಿ ಇವೆಲ್ಲ ಬಂದಿದ್ದವು. ವೇದಿಕೆಯ ಪಕ್ಕದಲ್ಲಿ ಆಳೆತ್ತರಕ್ಕೆ ರಟ್ಟಿನ ಪೆಟ್ಟಿಗೆಗಳನ್ನು ಪೇರಿಸಿ ಅವಕ್ಕೂ ಒಂದು ಮಾಲೆ ಹಾಕಿದ್ದರು. ಒಳಗಿದ್ದದ್ದು ಎಂಟು ಸಾವಿರ ಮೂತ್ರಪರೀಕ್ಷೆಯ ಕಿಟ್.

'ಉಚ್ಚೆ ಹೊಯ್ಯಿಸ್ಲಿಕ್ಕೆ ಇಷ್ಟು ದೊಡ್ಡ ಚಪ್ಪರ ಬೇಕಿತ್ತಾ?' ಎಂದುಕೊಂಡಳು ಹಿಂದಿನ ಸಾಲಿನಲ್ಲಿ ಕೂತ ಹೇಮಾಕ್ಷಿ.

ಅವಳು ಬಂದದ್ದು ತಮ್ಮನ ದೆಸೆಯಿಂದ. ದೀಪೇಶನ ಜಾಮೀನಿನ ಷರತ್ತಿನಲ್ಲೇ ಈ ಕೇಂದ್ರದ ಹೆಸರು ಇತ್ತು. ಪ್ರತಿ ಸೋಮವಾರ ಹಾಜರಾಗಬೇಕು, ಮೂತ್ರ ಕೊಡಬೇಕು, ವರದಿ ಕೋರ್ಟಿಗೆ ಹೋಗಬೇಕು. ದೀಪೇಶ ಒಂಬತ್ತು ವರ್ಷ ಗಲ್ಫಿನಲ್ಲಿ ಕಟ್ಟಡಗಳ ಹೊರಗೆ ಕಬ್ಬಿಣದ ಅಟ್ಟಣಿಗೆ ಕಟ್ಟುವ ಕೆಲಸ ಮಾಡಿದವನು. ಎರಡು ಮಾಳಿಗೆ ಎತ್ತರದಿಂದ ಬಿದ್ದು ಸೊಂಟ ಮುರಿದುಕೊಂಡು ಊರಿಗೆ ಬಂದ. ನೋವಿಗೆಂದು ಯಾರೋ ಟ್ರಮಡಾಲ್ ಎಂಬ ಮಾತ್ರೆ ಬರೆದುಕೊಟ್ಟರು. ನೋವು ಒಂದು ಹದಕ್ಕೆ ಬಂದರೂ ಮಾತ್ರೆ ಬಿಡಲಿಲ್ಲ. ದಿನಕ್ಕೆ ಎರಡು ಇದ್ದದ್ದು ನಾಲ್ಕಾಯಿತು, ಹತ್ತಾಯಿತು. ಚೀಟಿ ಇಲ್ಲದೆ ಮಾರುವವರ ಹತ್ತಿರ ಹೋಗಿ ಚೀಲ ತುಂಬಿಸಿಕೊಂಡು ಬರುವಾಗ ಪೊಲೀಸರ ಕೈಗೆ ಸಿಕ್ಕಿದ. ಎಪ್ಪತ್ತು ದಿನ ಜೈಲಿನಲ್ಲಿದ್ದ. ಹೆಂಡತಿ ಅಶ್ಮಿತಾ ಮಗಳು ನಿರೀಕ್ಷಾಳನ್ನು ಕರೆದುಕೊಂಡು ಮೂಲ್ಕಿಯ ತವರಿಗೆ ಹೋದಳು. ಜಾಮೀನು ಸಿಕ್ಕಿದ ಮೇಲೆ ಅವನಿಗೆ ಉಳಿದ ಮನೆ ಎಂದರೆ ಕುಲಶೇಖರದ ಅಕ್ಕನ ಮನೆ. ಹೇಮಾಕ್ಷಿಯ ಗಂಡ ಬಹರೈನಿನಲ್ಲಿ. ಅವಳು ಮನೆಯ ಹಿಂದೆ ತಗಡಿನ ಶೆಡ್ ಹಾಕಿಕೊಂಡು ಸೀಮಂತ, ನಾಮಕರಣ, ಆಫೀಸಿನ ಮೀಟಿಂಗುಗಳಿಗೆ ಊಟದ ಆರ್ಡರ್ ಹಿಡಿಯುತ್ತಿದ್ದಳು. ದೀಪೇಶನನ್ನು ತರಕಾರಿ ಹೆಚ್ಚಲು ಕೂರಿಸಿದಳು. ಅವನಿಂದ ತೂಕ ಎತ್ತಲಂತೂ ಆಗುತ್ತಿರಲಿಲ್ಲ.

ಉದ್ಘಾಟನೆಯ ದಿನ ಮೈಕು ಹಿಡಿದವನು ಕೇಂದ್ರದ ಸಂಯೋಜಕ ಶೋಭಿತ್ ರೈ. ಮೂವತ್ತೈದರ ಆಸುಪಾಸು, ಮಡಿಕೆ ಮುರಿಯದ ಅಂಗಿ, ಪ್ರತಿ ವಾಕ್ಯದ ಕೊನೆಗೆ 'ಪರಿವರ್ತನೆ' ಎಂಬ ಮಾತು. ಭಾಷಣ ಮುಗಿದ ಮೇಲೆ ಹೇಮಾಕ್ಷಿ ಅವನ ಹತ್ತಿರ ಹೋಗಿ ನೇರವಾಗಿ ಕೇಳಿದಳು.

"ಸಾರ್, ಮದ್ದು ಯಾವಾಗ ಕೊಡ್ತೀರಿ?"

"ಮದ್ದು ಬರ್ಲಿಕ್ಕುಂಟು ಅಕ್ಕ. ಅದು ಬೇರೆ ಬಜೆಟ್ ಹೆಡ್ಡಿನಲ್ಲಿ ಬರುವುದು. ಈಗ ಕಿಟ್ಟಿನ ಫಂಡ್ ಬಂದಿದೆ, ಮಾರ್ಚಿನ ಒಳಗೆ ಖರ್ಚು ತೋರಿಸ್ಬೇಕು. ಮೊದಲು ಮಾನಿಟರಿಂಗ್, ಆಮೇಲೆ ಪರಿವರ್ತನೆ."

ಹೊಟ್ಟೆನೋವಿನವನಿಗೆ ಮದ್ದು ಕೊಡದೆ ದಿನಾ ಹೊಟ್ಟೆಯ ಸುತ್ತಳತೆ ತೆಗೆಯುವ ವೈದ್ಯನನ್ನು ಹೇಮಾಕ್ಷಿ ಅದುವರೆಗೆ ನೋಡಿರಲಿಲ್ಲ.

ಸೋಮವಾರಗಳು ಶುರುವಾದವು. ಬೆಳಿಗ್ಗೆ ಹತ್ತಕ್ಕೆ ಇಪ್ಪತ್ತೈದು ಮೂವತ್ತು ಗಂಡಸರು ಪ್ಲಾಸ್ಟಿಕ್ ಕುರ್ಚಿಗಳಲ್ಲಿ ಸಾಲಾಗಿ ಕೂರುತ್ತಿದ್ದರು. ಹೆಸರು ಕರೆದಾಗ ಸಣ್ಣ ಡಬ್ಬಿ ಹಿಡಿದು ಶೌಚಾಲಯಕ್ಕೆ ಹೋಗಬೇಕು, ಬಾಗಿಲು ಅರೆ ತೆರೆದಿರಬೇಕು. ಪರೀಕ್ಷೆ ಮಾಡುತ್ತಿದ್ದವಳು ಮೆರ್ಲಿನ್ ಎಂಬ ಲ್ಯಾಬ್ ಟೆಕ್ನೀಶಿಯನ್. ಗುತ್ತಿಗೆಯ ಕೆಲಸ, ಮಾತು ಕಡಿಮೆ. ಕಿಟ್ಟಿನ ಬಿಳಿ ಪಟ್ಟಿಯ ಮೇಲೆ ಮೂರು ಹನಿ ಬಿಡುವಳು, ಐದು ನಿಮಿಷ ಕಾಯುವಳು. ಎರಡು ಗೆರೆ ಮೂಡಿದರೆ ಅಮಲು ಇಲ್ಲ. ಒಂದೇ ಗೆರೆ ನಿಂತರೆ ಉಂಟು.

ದೀಪೇಶನಿಗೆ ಆರು ಸೋಮವಾರವೂ ಎರಡು ಗೆರೆ ಬಂತು. ಏಳನೆಯ ವಾರ ಶೋಭಿತ್ ರೈ ಸಣ್ಣ ಸಮಾರಂಭ ಮಾಡಿ, ಕುರ್ಚಿಯವರಿಂದ ಚಪ್ಪಾಳೆ ತಟ್ಟಿಸಿ, ದೀಪೇಶನಿಗೆ ಅಂಚಿನಲ್ಲಿ ಹೊಂಬಣ್ಣದ ಬಳ್ಳಿ ಇರುವ ಪ್ರಶಸ್ತಿಪತ್ರ ಕೊಟ್ಟ. ಫೋಟೋ ತೆಗೆಸಿದ. ಮರುದಿನ ಫೋನ್ ಮಾಡಿ, "ಅಕ್ಕ, ನಮ್ಮ ಮೀಟಿಂಗಿನ ಊಟವೆಲ್ಲ ಇನ್ನು ಮೇಲೆ ನಿಮಗೇ. ಫಲಾನುಭವಿಯ ಕುಟುಂಬಕ್ಕೆ ಜೀವನೋಪಾಯ ಅಂತ ರಿಪೋರ್ಟಿನಲ್ಲಿ ಹಾಕ್ತೇನೆ" ಎಂದ. ಹದಿನೇಳು ವರ್ಷದಿಂದ ಸೌಟು ಹಿಡಿದವಳಿಗೆ ಇವನು ಈಗ ಜೀವನೋಪಾಯ ಕೊಟ್ಟ! ಹೇಮಾಕ್ಷಿಗೆ ನಗು ಬಂತಾದರೂ ಆರ್ಡರ್ ಬಿಡಲಿಲ್ಲ. ತಮ್ಮ ಸರಿಯಾಗುತ್ತಿದ್ದಾನಲ್ಲ ಎಂಬ ಸಮಾಧಾನ ಬೇರೆ.

ಆ ಸಮಾಧಾನ ಎರಡು ದಿನವೂ ಬಾಳಲಿಲ್ಲ. ಬುಧವಾರ ಮಧ್ಯಾಹ್ನ ಸೌತೆಕಾಯಿ ಹೆಚ್ಚುತ್ತಿದ್ದ ದೀಪೇಶ ಕೂತಲ್ಲೇ ಕಣ್ಣು ಮೇಲಕ್ಕೆ ಮಾಡಿ ನೆಲಕ್ಕೆ ಉರುಳಿದ. ಕೈಕಾಲು ಸೆಟೆದವು, ಬಾಯಲ್ಲಿ ನೊರೆ ಬಂತು. ಹೇಮಾಕ್ಷಿ ಅವನ ಕೈಯಿಂದ ಚೂರಿ ಕಿತ್ತು ಬಿಸಾಡಿ, ಮಗ್ಗುಲಿಗೆ ಹೊರಳಿಸಿ ಹಿಡಿದುಕೊಂಡಳು. ಎರಡು ನಿಮಿಷದಲ್ಲಿ ನಿಂತಿತು. ಪ್ರಜ್ಞೆ ಬಂದ ಮೇಲೆ, ಆಸ್ಪತ್ರೆಗೆ ಹೋಗುವ ರಿಕ್ಷಾದಲ್ಲಿ ಅವನು ಮೆತ್ತಗೆ ತುಳುವಿನಲ್ಲಿ ಹೇಳಿದ.

"ಅಕ್ಕ, ನಾನು ಬಿಟ್ಟಿಲ್ಲ."

"ಎಂತ ಬಿಟ್ಟಿಲ್ಲ?"

"ಮಾತ್ರೆ. ಜೈಲಿನಿಂದ ಬಂದ ಎರಡನೇ ವಾರಕ್ಕೆ ಪುನಃ ಶುರುವಾಯ್ತು. ಆ ಸರ್ಟಿಫಿಕೇಟ್ ಕೊಟ್ಟ ದಿನ ಹನ್ನೆರಡು ತಿಂದಿದ್ದೆ."

"ಮತ್ತೆ ಎರಡು ಗೆರೆ ಹೇಗೆ ಬಂತು?"

"ಅದು ನನಗೂ ಗೊತ್ತಿಲ್ಲ. ಮೊದಲನೇ ಸೋಮವಾರ ಸಿಕ್ಕಿಬೀಳ್ತೇನೆ ಅಂತ ನಡುಗಿಕೊಂಡು ಹೋದದ್ದು. ಬೀಳ್ಲಿಲ್ಲ. ಅಲ್ಲಿ ಅರ್ಧ ಜನ ತಿಂದೇ ಬರುವುದು ಅಕ್ಕ. ಯಾರೂ ಬೀಳುವುದಿಲ್ಲ." ಮುಖವನ್ನು ರಿಕ್ಷಾದ ಹೊರಗೆ ತಿರುಗಿಸಿ, "ಚಪ್ಪಾಳೆ ಹೊಡೆದಾಗ ನನಗೆ ಸಾಯುವ ಹಾಗೆ ನಾಚಿಕೆ ಆಯ್ತು" ಎಂದ.

ಅವನ ಕೆನ್ನೆಗೆ ಹೊಡೆಯಬೇಕೆಂದು ಎತ್ತಿದ ಕೈಯನ್ನು ಹೇಮಾಕ್ಷಿ ಅವನ ತಲೆಯ ಮೇಲೆ ಇಟ್ಟಳು. ತಮ್ಮ ಸುಳ್ಳು ಹೇಳಿದ್ದ, ನಿಜ. ಆದರೆ ಅವನ ಸುಳ್ಳಿಗೆ ಮೊಹರು ಒತ್ತಿ, ಚೌಕಟ್ಟು ಹಾಕಿ ಕೊಟ್ಟವರಿಗೆ ಏನು ಹೇಳುವುದು?

ಆಸ್ಪತ್ರೆಯಲ್ಲಿ ಡಾಕ್ಟರ್ ಶೆರಿಲ್ ಎಂಬ ಮನೋವೈದ್ಯೆ ನೋಡಿದರು. ಬಯ್ಯಲಿಲ್ಲ. ಈ ಮಾತ್ರೆ ಹೆಚ್ಚಾದರೆ ಹೀಗೆ ಫಿಟ್ಸ್ ಬರುತ್ತದೆ ಎಂದರು. ಒಂದು ದಿನ ಟ್ರಮಡಾಲ್ ಮುಟ್ಟದೆ, ಬೆವರು ಮತ್ತು ನಡುಕ ಹತ್ತಿದ ಮೇಲೆ ಬನ್ನಿ ಎಂದರು. ಮರುದಿನ ಅವನು ಮುದುಡಿಕೊಂಡು ಬಂದಾಗ ಚಟದ ಸೆಳೆತ ತಗ್ಗಿಸುವ, ನಾಲಗೆಯ ಅಡಿಯಲ್ಲಿ ಇಟ್ಟು ಕರಗಿಸುವ ಸಣ್ಣ ಗುಳಿಗೆ ಕೊಟ್ಟರು. ಮುಕ್ಕಾಲು ಗಂಟೆಯಲ್ಲಿ ಅವನ ಬೆನ್ನು ನೇರವಾಯಿತು, ಮೂಗು ಸೋರುವುದು ನಿಂತಿತು. "ಹಸಿವಾಗ್ತದೆ" ಎಂದ. ಎಷ್ಟು ತಿಂಗಳ ಮೇಲೆ ಆ ಮಾತು ಅವನ ಬಾಯಿಂದ ಬಂದದ್ದೋ!

"ಈ ಗುಳಿಗೆ ಮರುಬಾಳು ಕೇಂದ್ರದಲ್ಲಿ ಇಡ್ಲಿಕ್ಕೆ ಆಗುವುದಿಲ್ಲವಾ ಡಾಕ್ಟ್ರೇ?" ಹೇಮಾಕ್ಷಿ ಕೇಳಿದಳು.

"ಇಡಬಹುದು. ಇಡಬೇಕು ಕೂಡ. ನಾನೇ ಎರಡು ಸಲ ಬರೆದುಕೊಟ್ಟಿದ್ದೇನೆ" ಎಂದ ಡಾಕ್ಟರರ ಮುಖದಲ್ಲಿ, ಮೂರನೆಯ ಸಲ ಬರೆಯುವ ಉತ್ಸಾಹವೇನೂ ಕಾಣಲಿಲ್ಲ.

ಎರಡು ತಿಂಗಳು ದೀಪೇಶ ದಿನವೂ ಅಕ್ಕನ ಕಣ್ಣೆದುರಿಗೇ ಗುಳಿಗೆ ಕರಗಿಸಿದ. ಮೈ ತುಂಬಿಕೊಂಡ. ಸೋಮವಾರಗಳ ಎರಡು ಗೆರೆ ಈಗಲೂ ತಪ್ಪಲಿಲ್ಲ. ಸುದ್ದಿ ಮೂಲ್ಕಿಗೂ ಮುಟ್ಟಿತು. ನಿರೀಕ್ಷಾಳ ಏಳನೇ ಹುಟ್ಟುಹಬ್ಬ ಭಾನುವಾರ ಬಂತು. ಅಶ್ಮಿತಾ ಮಗಳನ್ನು ಕರೆದುಕೊಂಡು ಬಂದವಳು, ಚಪ್ಪಲಿ ಹೊರಗೆ ಬಿಡುವಾಗ ಅನುಮಾನಿಸಿದಳು, ಬಿಟ್ಟಳು, ಒಳಗೆ ಬಂದಳು. ಮಗುವಿಗೆ ಇಷ್ಟವೆಂದು ಹೇಮಾಕ್ಷಿ ಗಸಗಸೆ ಪಾಯಸ ಮಾಡಿದ್ದಳು. ಗಸಗಸೆಯನ್ನು ಘಮ್ಮೆನ್ನುವಷ್ಟು ಹುರಿದು, ಅಕ್ಕಿ ತೆಂಗಿನಕಾಯಿ ಜೊತೆ ನುಣ್ಣಗೆ ರುಬ್ಬಿ, ಬೆಲ್ಲ ಹಾಕಿ ಕುದಿಸಿ, ಕೈ ಬಿಡದೆ ತಿರುವಿದ ಪಾಯಸ. ದೀಪೇಶ ನಾಲ್ಕು ಲೋಟ ಕುಡಿದ. ಅಶ್ಮಿತಾ ಅವನ ಬಾಯಿಯ ಅಂಚನ್ನು ಸೆರಗಿನಿಂದ ಒರೆಸಿದ್ದನ್ನು ಹೇಮಾಕ್ಷಿ ಅಡುಗೆಕೋಣೆಯಿಂದ ನೋಡಿ ಮುಖ ತಿರುಗಿಸಿಕೊಂಡಳು.

ಸೋಮವಾರ ಬೆಳಿಗ್ಗೆ ದೀಪೇಶನ ಕಿಟ್ಟಿನಲ್ಲಿ ಒಂದೇ ಗೆರೆ ಮೂಡಿತು.

ಮೆರ್ಲಿನ್ ಇನ್ನೊಂದು ಕಿಟ್ ತೆಗೆದಳು. ಅದರಲ್ಲೂ ಒಂದೇ. ಕೇಂದ್ರ ಶುರುವಾದ ಮೇಲೆ ಸಿಕ್ಕಿಬಿದ್ದ ಮೊತ್ತಮೊದಲ ಮನುಷ್ಯ ಅವನು. ಶೋಭಿತ್ ರೈಯ ಮುಖದಲ್ಲಿ ಬೇಸರಕ್ಕಿಂತ ಹೆಚ್ಚಾಗಿ ಹುರುಪೇ ಇತ್ತು. ಕಿಟ್ ಕೆಲಸ ಮಾಡುತ್ತದೆ ಎಂದು ತೋರಿಸಲು ಅವನಿಗೂ ಒಬ್ಬ ಬೇಕಿತ್ತೇನೋ. "ಗುರುವಾರ ರಿಪೋರ್ಟ್ ಕೋರ್ಟಿಗೆ ಹೋಗ್ತದೆ" ಎಂದ. ರಿಪೋರ್ಟ್ ಹೋದರೆ ಜಾಮೀನು ರದ್ದು ಮಾಡಿ ಎಂದು ಸರಕಾರದ ವಕೀಲರು ಕೇಳುವುದು ಖಂಡಿತ. ರಾತ್ರಿ ಅಲ್ಲೇ ಉಳಿದಿದ್ದ ಅಶ್ಮಿತಾ ವಿಷಯ ಕೇಳಿದವಳೇ ಮಗಳ ಚೀಲ ತುಂಬಿಸಿ ಬಸ್ ಹತ್ತಿದಳು. ದೀಪೇಶ ಶೆಡ್ಡಿನಲ್ಲಿ ಗೋಡೆಗೆ ಮುಖ ಮಾಡಿ ಕೂತ.

"ದೇವರಾಣೆ ತಿಂದಿಲ್ಲ ಅಕ್ಕ. ತಿಂದಾಗ ಚಪ್ಪಾಳೆ ಹೊಡೆದ್ರು. ಬಿಟ್ಟ ಮೇಲೆ ಹಿಡಿದ್ರು. ಇನ್ನು ನಾನು ಎಂತ ಮಾಡ್ಲಿ?"

ಈ ಸಲ ಹೇಮಾಕ್ಷಿ ಅವನನ್ನು ನಂಬಿದಳು. ಗುಳಿಗೆ ಅವಳ ಕಪಾಟಿನಲ್ಲಿತ್ತು, ಬೀಗದ ಕೈ ಅವಳ ಸೊಂಟದಲ್ಲಿತ್ತು. ಅವನು ಎರಡು ತಿಂಗಳಿಂದ ಒಬ್ಬನೇ ಗೇಟು ದಾಟಿರಲಿಲ್ಲ.

ಮಂಗಳವಾರ ಅವಳು ಕೇಂದ್ರದ ಮೆಟ್ಟಿಲು ಹತ್ತುವಾಗ ಮೆರ್ಲಿನ್ ಇಳಿದು ಬರುತ್ತಿದ್ದಳು. ಅವಳೇ ಹೇಮಾಕ್ಷಿಯ ಕೈ ಹಿಡಿದು ಗೋಡೆಯ ಬದಿಗೆ ಎಳೆದಳು.

"ಹೇಮಕ್ಕ, ಭಾನುವಾರ ಅವ ಎಂತ ತಿಂದಿದ್ದ?"

"ಕೋಳಿಸುಕ್ಕ, ನೀರ್ದೋಸೆ. ಮತ್ತೆ ಪಾಯಸ."

"ಎಂತದ್ದು ಪಾಯಸ?"

"ಗಸಗಸೆಯದ್ದು."

ಮೆರ್ಲಿನ್ ಬ್ಯಾಗಿನಿಂದ ಮಡಚಿದ ತೆಳ್ಳಗಿನ ಕಾಗದ ತೆಗೆದಳು. ಪ್ರತಿ ಪೆಟ್ಟಿಗೆಯ ತಳದಲ್ಲಿ ಇರುವ, ಯಾರೂ ಬಿಡಿಸಿ ನೋಡದ ವಿವರಣೆಯ ಹಾಳೆ. ಇರುವೆ ಸಾಲಿನಂಥ ಇಂಗ್ಲಿಷ್ ಅಕ್ಷರ. "ನಿನ್ನೆ ಮನೆಗೆ ಹೋಗಿ ಓದಿದೆ. ಮೊದಲೇ ಓದ್ಬೇಕಿತ್ತು, ನನ್ನದೂ ತಪ್ಪು. ನೋಡಿ, ಗಸಗಸೆ ತಿಂದವರಿಗೂ ಈ ಕಿಟ್ಟಿನಲ್ಲಿ ಪಾಸಿಟಿವ್ ಬರಬಹುದು ಅಂತ ಇಲ್ಲಿ ಬರೆದಿದ್ದಾರೆ. ಗಸಗಸೆ ಅಫೀಮಿನ ಗಿಡದ್ದೇ ಬೀಜ ಅಲ್ಲವಾ? ಇನ್ನು ಈ ಪಟ್ಟಿ ನೋಡಿ. ಇದೆಲ್ಲ ಈ ಕಿಟ್ಟಿಗೆ ಕಾಣುವುದಿಲ್ಲ." ಅವಳ ಬೆರಳು ಪಟ್ಟಿಯ ನಡುವೆ ನಿಂತಿತು. "ಟ್ರಮಡಾಲ್."

ಹೇಮಾಕ್ಷಿಗೆ ಅರ್ಥವಾಗಲು ಒಂದು ಕ್ಷಣ ಬೇಕಾಯಿತು. ಈ ಊರಿನ ಗಂಡಸರು ತಿಂದು ಹಾಳಾಗುತ್ತಿರುವ ಮಾತ್ರೆ ಈ ಎಂಟು ಸಾವಿರ ಕಿಟ್ಟಿನ ಕಣ್ಣಿಗೆ ಬೀಳುವುದಿಲ್ಲ. ಅವಳ ಪಾಯಸ ಬೀಳುತ್ತದೆ.

"ಸಾರ್‌ಗೆ ತೋರಿಸಿದ್ಯಾ?"

"ತೋರಿಸಿದೆ. ಈಗ ಇದನ್ನೆಲ್ಲ ಎಬ್ಬಿಸ್ಬೇಡ, ನಾಳೆ ಬೆಂಗಳೂರಿನಿಂದ ರಿವ್ಯೂ ಟೀಮ್ ಬರ್ತದೆ ಅಂದ್ರು."

ಹೇಮಾಕ್ಷಿ ಮೇಲೆ ಹೋಗಿ ತಾನೂ ಹೇಳಿ ನೋಡಿದಳು. ಶೋಭಿತ್ ರೈ ಕಂಪ್ಯೂಟರಿನಿಂದ ಕಣ್ಣು ತೆಗೆಯದೆ, "ಪಾಯಸ ಕುಡಿದು ಯಾರಿಗಾದರೂ ಅಮಲೇರ್ತದಾ ಅಕ್ಕ? ಎಲ್ಲ ಮನೆಯವರೂ ಒಂದೊಂದು ಕಥೆ ಹೇಳ್ತಾರೆ. ಕಿಟ್ ಸರಕಾರ ಅಪ್ರೂವ್ ಮಾಡಿದ್ದು" ಎಂದ. ಆಮೇಲೆ ಸ್ವರ ಇಳಿಸಿ, "ನಾಳೆಯ ಊಟ ಮಾತ್ರ ಒಂದೂವರೆಗೆ ಸರಿಯಾಗಿ ಬರ್ಲಿ. ಹದಿನೆಂಟು ಜನ. ಸ್ವೀಟ್ ಏನಾದರೂ ನಮ್ಮ ಊರಿನದ್ದೇ ಮಾಡಿ" ಎಂದ.

"ಮಾಡ್ತೇನೆ ಸಾರ್" ಎಂದಳು ಹೇಮಾಕ್ಷಿ.

ಬುಧವಾರ ಅವಳು ಒಂದು ಕಿಲೋಗೂ ಮೀರಿ ಗಸಗಸೆ ಹುರಿದಳು. ಮನೆಯವರಿಗೆ ಮಾಡುವಷ್ಟೇ ಶ್ರದ್ಧೆಯಿಂದ ರುಬ್ಬಿದಳು. ಅದರಲ್ಲಿ ಮೋಸ ಇರಲಿಲ್ಲ, ಕಲಬೆರಕೆ ಇರಲಿಲ್ಲ, ಊರಿನ ಯಾವ ಮದುವೆಯ ಎಲೆಗೂ ಬಡಿಸಬಹುದಾದ ಪಾಯಸ. ಬೆಂಗಳೂರಿನಿಂದ ಬಂದ ತಂಡಕ್ಕೆ ಒಬ್ಬ ಹಿರಿಯ ಅಧಿಕಾರಿಣಿ ಮುಖ್ಯಸ್ಥೆ. ನರೆತ ಕೂದಲು, ಕೈಯಲ್ಲಿ ಸಂಜೆಯ ವಿಮಾನದ ಚಿಂತೆ ತೋರಿಸುವ ಫೋನು. ಊಟಕ್ಕೆ ಮುಂಚೆ ಶೋಭಿತ್ ರೈ ಪರದೆಯ ಮೇಲೆ ಚಿತ್ರ ತೋರಿಸಿದ. ನೂರಕ್ಕೆ ತೊಂಬತ್ತೇಳು ಮಂದಿ ವ್ಯಸನಮುಕ್ತರು. ಆ ಚಿತ್ರಗಳಲ್ಲಿ ಪ್ರಶಸ್ತಿಪತ್ರ ಹಿಡಿದ ದೀಪೇಶನೂ ಇದ್ದ. ತೆಗೆಯಲು ಮರೆತಿದ್ದರು.

ಊಟದಲ್ಲಿ ಎಲ್ಲರೂ ಪಾಯಸವನ್ನು ಹೊಗಳಿದರು. ಶೋಭಿತ್ ರೈ ಮೂರು ಲೋಟ ಕುಡಿದು, "ಇದು ನೋಡಿ ಮೇಡಂ, ನಮ್ಮ ಫಲಾನುಭವಿಯ ಅಕ್ಕನ ಕೈರುಚಿ" ಎಂದ. ಹೇಮಾಕ್ಷಿ ಪಾತ್ರೆ ತೊಳೆದಳು, ಎಲೆ ಎತ್ತಿದಳು, ಅವರ ಎರಡನೇ ಮೀಟಿಂಗ್ ಮುಗಿಯುವ ತನಕ ಹೊರಗಿನ ಕುರ್ಚಿಯಲ್ಲಿ ಕೂತಳು. ನಾಲ್ಕು ಗಂಟೆಗೆ ಚಹಾ ತಟ್ಟೆ ಹಿಡಿದು ಒಳಗೆ ಹೋದವಳು ಅದನ್ನು ಮೇಜಿನ ಮೇಲಿಟ್ಟು, ಹಿಂದೆ ಬರಲಿಲ್ಲ.

"ಮೇಡಂ, ಒಂದು ಮಾತು ಹೇಳ್ಲಿಕ್ಕುಂಟು. ನನ್ನ ತಮ್ಮ ಭಾನುವಾರ ಇದೇ ಪಾಯಸ ಕುಡಿದದ್ದು. ಸೋಮವಾರ ಇಲ್ಲಿ ಅವ ಅಫೀಮು ತಿಂದಿದ್ದಾನೆ ಅಂತ ಬಂತು. ನಾಳೆ ಕೋರ್ಟಿಗೆ ಬರೀತಾರಂತೆ. ನೀವೂ ಇವತ್ತು ಕುಡಿದಿದ್ದೀರಿ. ದಯಮಾಡಿ ಒಬ್ಬರಾದರೂ ಆ ಕಿಟ್ಟಿನಲ್ಲಿ ನೋಡಿ."

ಶೋಭಿತ್ ರೈ ಎದ್ದು, "ಅಕ್ಕ, ನೀವು ಹೊರಗೆ ಹೋಗಿ" ಎಂದ. ಅಧಿಕಾರಿಣಿ ಕೈ ಎತ್ತಿದರು.

"ಎಷ್ಟು ಹೊತ್ತು ಬೇಕು?"

"ಐದು ನಿಮಿಷ ಮೇಡಂ" ಎಂದಳು ಬಾಗಿಲಲ್ಲಿ ನಿಂತ ಮೆರ್ಲಿನ್. ಅವಳ ಕೈಯಲ್ಲಿ ಡಬ್ಬಿ ಆಗಲೇ ಇತ್ತು.

"ಹೋಗಿ ಬನ್ನಿ ರೈ" ಎಂದರು ಅಧಿಕಾರಿಣಿ. "ಲೈವ್ ಡೆಮೋ ಆಗುತ್ತೆ."

ಹೋಗದೆ ಗತಿ ಇರಲಿಲ್ಲ. ಮೂವತ್ತು ಗಂಡಸರು ವಾರವಾರವೂ ನಡೆಯುವ ಅದೇ ಹತ್ತು ಹೆಜ್ಜೆಯನ್ನು ಶೋಭಿತ್ ರೈ ಡಬ್ಬಿ ಹಿಡಿದು ನಡೆದ. ಬಾಗಿಲು ಅರೆ ತೆರೆದಿಡಲು ಮಾತ್ರ ಯಾರೂ ಹೇಳಲಿಲ್ಲ. ಮೆರ್ಲಿನ್ ಎಲ್ಲರ ಎದುರಿಗೆ ಮೂರು ಹನಿ ಬಿಟ್ಟಳು. ಎಂಟು ಜನ ದೊಡ್ಡವರು ಬಗ್ಗಿ ನೋಡಿದರು. ಒಂದು ಗೆರೆ ಬಂತು. ಐದು ನಿಮಿಷವಾಯಿತು, ಎಂಟು ನಿಮಿಷವಾಯಿತು. ಎರಡನೆಯದು ಬರಲೇ ಇಲ್ಲ.

ಸಂಯೋಜಕರು ಅಫೀಮು ತೆಗೆದುಕೊಂಡಿದ್ದರು.

ತಂಡದಲ್ಲಿ ಯಾರೋ ಕೆಮ್ಮಿದಂತೆ ನಕ್ಕರು. ಹೇಮಾಕ್ಷಿ ನಗಲಿಲ್ಲ. ಇನ್ನೊಂದು ಮಾತನ್ನೂ ಹೇಳಿದಳು. ಈ ಊರಿನವರು ತಿನ್ನುವ ಮಾತ್ರೆ ಈ ಕಿಟ್ಟಿಗೆ ಕಾಣುವುದೇ ಇಲ್ಲ, ಆ ಹಾಳೆಯಲ್ಲೇ ಬರೆದಿದೆ, ನಿಮ್ಮ ತೊಂಬತ್ತೇಳು ಮಂದಿಯಲ್ಲಿ ಅರ್ಧದಷ್ಟು ಜನ ಇವತ್ತೂ ತಿಂದಿದ್ದಾರೆ, ಅವರಿಗೆ ಬೇಕಾದದ್ದು ನಾಲಗೆಯ ಅಡಿಯ ಗುಳಿಗೆ ಎಂದಳು. ಅಧಿಕಾರಿಣಿ ಮೆರ್ಲಿನ್ ಕೊಟ್ಟ ಹಾಳೆಯನ್ನು ಕನ್ನಡಕ ಹಾಕಿ ಓದಿದರು, ನಿಧಾನವಾಗಿ ಮಡಚಿದರು.

"ಖರೀದಿಯ ಸ್ಪೆಸಿಫಿಕೇಶನ್ನಿನಲ್ಲಿ ಟ್ರಮಡಾಲ್ ಇರಲಿಲ್ಲಮ್ಮ. ಅದು ಮುಂದಿನ ಹಂತದಲ್ಲಿ ನೋಡಬೇಕಾಗುತ್ತೆ" ಎಂದರು. ಆಮೇಲೆ ಫೋನಿನಲ್ಲಿ ಗಂಟೆ ನೋಡಿಕೊಂಡು, "ರೈ, ಆ ಹುಡುಗನ ರಿಪೋರ್ಟ್ ಕಳಿಸಬೇಡಿ. ರೀಟೆಸ್ಟ್ ಮಾಡಿ" ಎಂದು ಎದ್ದರು. ವಿಮಾನಕ್ಕೆ ಹೊತ್ತಾಗಿತ್ತು.

ಶುಕ್ರವಾರ ಮರುಪರೀಕ್ಷೆಯಾಯಿತು, ಎರಡು ಗೆರೆ ಬಂತು. 'ಮಾದರಿಯಲ್ಲಿ ತಾಂತ್ರಿಕ ಅಸ್ಪಷ್ಟತೆ' ಎಂದು ಬರೆದು ದೀಪೇಶನ ಫೈಲು ಮುಚ್ಚಿದರು. ತಪ್ಪಾಯಿತು ಎಂದು ಯಾರೂ ಹೇಳಲಿಲ್ಲ. ಅಸ್ಪಷ್ಟವಾದದ್ದು ಅವನ ಮೂತ್ರವಂತೆ! ಊಟದ ಆರ್ಡರ್ ಬೇರೆ ಯಾರಿಗೋ ಹೋಯಿತು, ಜೀವನೋಪಾಯ ಮುಗಿಯಿತು. ಮುಂದಿನ ತಿಂಗಳು ಮೇಲಿನಿಂದ ಒಂದು ಸುತ್ತೋಲೆ ಬಂತು. ಫಲಾನುಭವಿಗಳು ಪರೀಕ್ಷೆಗೆ ಮೂರು ದಿನ ಮೊದಲಿನಿಂದ ಯಾವುದೇ ಬಗೆಯ ಪಾಯಸವನ್ನು ಸೇವಿಸಬಾರದು, ಶಾವಿಗೆ ಹಾಗೂ ಹೆಸರುಬೇಳೆ ಪಾಯಸ ಸೇರಿದಂತೆ. ಅದನ್ನು ಉದಯಿಸುವ ಸೂರ್ಯನ ಮೇಲೆಯೇ ಅಂಟಿಸಿದರು. ಅದರ ಹಿಂದೆಯೇ ಹೊಸ ಪೆಟ್ಟಿಗೆಗಳು ಬಂದವು. ಅದೇ ಕಂಪನಿ, ಅದೇ ಕಿಟ್. ಮದ್ದು ಬರಲಿಕ್ಕುಂಟು ಎಂಬ ಮಾತೂ ಹಾಗೆಯೇ ಇತ್ತು.

ಹೇಮಾಕ್ಷಿ ಮೂಲ್ಕಿಗೆ ಹೋಗಿ ಅಶ್ಮಿತಾಳ ಮುಂದೆ ಆ ವಿವರಣೆಯ ಹಾಳೆಯನ್ನೂ ಡಾಕ್ಟರರ ಚೀಟಿಯನ್ನೂ ಇಟ್ಟಳು. ಅಶ್ಮಿತಾ ಎರಡನ್ನೂ ಓದಿ, "ಅತ್ತಿಗೆ, ಕಿಟ್ ಸುಳ್ಳು ಹೇಳಿದ್ದು ಹೌದು. ನಿಮ್ಮ ತಮ್ಮನೂ ಆರು ವಾರ ಸುಳ್ಳೇ ಹೇಳಿದ್ದಾರಲ್ಲ" ಎಂದಳು. ಈಗ ತಾಯಿ ಮಗಳು ಭಾನುವಾರ ಬಂದು ಸಂಜೆ ಹೋಗುತ್ತಾರೆ. ಅಷ್ಟರಮಟ್ಟಿಗೆ ಆಗಿದೆ.

ಮೊನ್ನೆ ಸೋಮವಾರ ಹನ್ನೊಂದು ಗಂಟೆಗೆ ಮೆರ್ಲಿನ್ ಫೋನ್ ಮಾಡಿದಳು. ಸ್ವರ ತಗ್ಗಿಸಿ ಮಾತಾಡುತ್ತಿದ್ದಳು.

"ಹೇಮಕ್ಕ, ಕುದ್ರೋಳಿಯ ಸಮದ್ ಅಂತ ಒಬ್ಬರಿದ್ದಾರೆ, ಮೀನಿನ ಲಾರಿಯ ಡ್ರೈವರ್. ಕಿಟ್ಟಿನಲ್ಲಿ ಎರಡು ಗೆರೆ. ಸಾರ್ ಈಗಷ್ಟೇ ಸರ್ಟಿಫಿಕೇಟ್ ಕೊಟ್ರು. ಆದರೆ ಮನುಷ್ಯ ಬೆವತು ಒದ್ದೆಯಾಗಿದ್ದಾರೆ, ಮೂಗು ಸೋರ್ತಾ ಉಂಟು, ಕೂತಲ್ಲಿ ಕೂರ್ಲಿಕ್ಕೆ ಆಗುವುದಿಲ್ಲ. ಮಾತ್ರೆ ಮುಗಿದಿದೆ ಕಾಣ್ತದೆ. ನನಗೆ ಇಲ್ಲಿಂದ ಬಿಟ್ಟು ಬರ್ಲಿಕ್ಕಾಗುವುದಿಲ್ಲ."

ಒಲೆಯ ಮೇಲೆ ಒಂದು ನಾಮಕರಣದ ಸಾಂಬಾರು ಕುದಿಯುತ್ತಿತ್ತು. ಹೇಮಾಕ್ಷಿ ಸೌಟನ್ನು ದೀಪೇಶನ ಕೈಗೆ ಕೊಟ್ಟಳು.

"ಕೆಳಗೆ ಗೇಟಿನ ಹತ್ತಿರ ಕೂರ್ಲಿಕ್ಕೆ ಹೇಳು ಮಾರಾಯ್ತಿ. ಶೆರಿಲ್ ಡಾಕ್ಟ್ರು ಒಂದು ಗಂಟೆಯವರೆಗೆ ಇರ್ತಾರೆ" ಎಂದು ಸ್ಕೂಟರಿನ ಕೀ ಹುಡುಕತೊಡಗಿದಳು.